ತಿಜೋರಿ ಕೋಣೆಯಲ್ಲಿ ಪುಸ್ತಕ ಇಟ್ಟ ಮಳೆಗಾಲ: ಹಳೆಯ ಬ್ಯಾಂಕ್ ಕಟ್ಟಡವೊಂದು ಗ್ರಂಥಾಲಯವಾದ ಬಗೆ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಬ್ಯಾಂಕಿನ ಹೆಸರೂ ಇಲ್ಲ. ಉಡುಪಿ ಜಿಲ್ಲೆಯ ಹೊಳೆಬದಿಯ ಒಂದು ಸಣ್ಣ ಪೇಟೆ, ಅದರ ರಥಬೀದಿ ಎಂದಷ್ಟು ತಿಳಿದರೆ ಸಾಕು. ಕಟ್ಟಡದ ಒಡೆತನ ಒಂದೇ ಕುಟುಂಬದ ಹನ್ನೊಂದು ಮಂದಿ ವಾರಸುದಾರರದ್ದು. ಅವರೊಳಗೆ ಭಿನ್ನಾಭಿಪ್ರಾಯ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಅದಕ್ಕಾಗಿ ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ನಾನು ಒಂದು ಕಾಲಕ್ಕೆ ಇದೇ ಶಾಖೆಯಲ್ಲಿ ಅಧಿಕಾರಿಯಾಗಿದ್ದವ. ನಿವೃತ್ತಿಯಾದ ಮೇಲೆ ಆ ಕಟ್ಟಡವನ್ನು ಗ್ರಂಥಾಲಯ ಮಾಡಿದ ಸಮಿತಿಯ ಕಾರ್ಯದರ್ಶಿಯಾದೆ. ಹಾಗಾಗಿ ಇಲ್ಲಿ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಉಂಟು.

ಬರೆಯಲು ಕಾರಣ ಇಷ್ಟೆ. ಕರಾವಳಿಯ ಪೇಟೆಗಳಲ್ಲಿ ಕೆಲವು ವರ್ಷಗಳಿಂದ ಇಂಥ ಕಟ್ಟಡಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಿವೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ನಾಲ್ಕು ಹೆಜ್ಜೆ ಅಂತರದಲ್ಲಿದ್ದ ಎರಡು ಶಾಖೆಗಳು ಒಂದೇ ಬ್ಯಾಂಕಿನವಾದಾಗ ಎರಡನ್ನೂ ಇಟ್ಟುಕೊಳ್ಳುವವರು ಯಾರು? ಹೊಸ ಕಾಂಪ್ಲೆಕ್ಸಿನಲ್ಲಿದ್ದದ್ದು ಉಳಿಯಿತು, ಹಳೆಯ ಹಂಚಿನ ಮಾಡಿನದ್ದು ಖಾಲಿಯಾಯಿತು. ಬೇರೆ ಊರುಗಳಲ್ಲಿ ಇಂಥ ಕಟ್ಟಡ ಕೈಗೆ ಬಂದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡುವುದು ಒಳ್ಳೆಯದು ಅನ್ನಿಸಿತು.

ಬ್ಯಾಂಕಿಗೂ ಮೊದಲು ಅದು ಮನೆ

ನಮ್ಮ ಕಡೆಯ ಬ್ಯಾಂಕುಗಳು ಹುಟ್ಟಿದ್ದು ಕಲ್ಲಿನ ಕಂಬದ ದೊಡ್ಡ ಕಟ್ಟಡಗಳಲ್ಲಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರುಮಾಡಿದ ಫಂಡು ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬಂದವು. ಇವುಗಳ ನಡುವೆ ಈಗ ಹೆಸರೂ ನೆನಪಿಲ್ಲದ ಸಣ್ಣ ಬ್ಯಾಂಕುಗಳು ಎಷ್ಟೋ ಇದ್ದವು. ಶಾಖೆ ತೆರೆಯುವುದೆಂದರೆ ಪೇಟೆಯ ನಾಲ್ಕು ಜನ ನಂಬುವ ವ್ಯಾಪಾರಿಯ ಮನೆಯ ಕೆಳಗಿನ ಚಾವಡಿಯನ್ನು ಬಾಡಿಗೆಗೆ ಹಿಡಿಯುವುದು ಎಂದೇ ಅರ್ಥ. ಜನರ ನಂಬಿಕೆ ಮೊದಲು ಮನೆಯ ಮೇಲೆ, ಆಮೇಲೆ ಬೋರ್ಡಿನ ಮೇಲೆ.

ನಮ್ಮ ಕಟ್ಟಡವೂ ಹಾಗೆಯೇ. ಅಡಿಕೆ ವ್ಯಾಪಾರದ ಕುಟುಂಬವೊಂದು ಕಟ್ಟಿಸಿದ ಮನೆ. ಕೆಳಗೆ ಮಂಡಿ, ಮೇಲೆ ಸಂಸಾರ. ಎರಡಡಿ ದಪ್ಪದ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಮಹಡಿ, ಮಂಗಳೂರು ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಪೇಟೆಗಳ ಚಹರೆಯೇ ಬದಲಾಯಿತಲ್ಲ, ಆ ಸಾಲಿನ ಮನೆ. ಎದುರಿಗೆ ಉದ್ದದ ಜಗಲಿ. ಅಡಿಕೆ ಒಣಗಿರಬೇಕಾದ್ದರಿಂದ ಕೆಳಗಿನ ಹಜಾರದ ಎರಡೂ ಬದಿಗೆ ಎದುರುಬದುರಾಗಿ ಕಿಟಿಕಿಗಳು, ಅವುಗಳ ಮೇಲೆ ಮರದ ಪಟ್ಟಿಯ ಗಾಳಿಗಂಡಿಗಳು. ಈ ಗಾಳಿಗಂಡಿಗಳ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲು ಬಂದದ್ದು ಒಂದು ಸಣ್ಣ ಬ್ಯಾಂಕು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳೊಂದಿಗೆ ಸೇರಿಸುವ ಕೆಲಸ ದೇಶದಾದ್ಯಂತ ಬಿರುಸಾಯಿತು. ನಮ್ಮದೂ ಆ ಅಲೆಯಲ್ಲಿ ಇನ್ನೊಂದರೊಳಗೆ ಹೋಯಿತು. ಆ ದೊಡ್ಡ ಬ್ಯಾಂಕು ಹಿಂಬದಿಯ ಅಂಗಳದಲ್ಲಿ ಕಾಂಕ್ರೀಟಿನ ತಿಜೋರಿ ಕೋಣೆ ಕಟ್ಟಿಸಿ ಹಜಾರಕ್ಕೆ ಜೋಡಿಸಿತು. ಹಜಾರದ ನಡುವೆ ತೇಗದ ಕೌಂಟರ್ ಬಂತು, ಅದರ ಮೇಲೆ ಹಿತ್ತಾಳೆ ಸರಳಿನ ಜಾಲರಿ. ಆಮೇಲೆ ರಾಷ್ಟ್ರೀಕರಣ, ಆಮೇಲೆ ಕಂಪ್ಯೂಟರು, ಎ.ಸಿ. ಪ್ರತಿ ಹಂತದಲ್ಲೂ ಕಟ್ಟಡ ಒಂದಷ್ಟು ಉಸಿರು ಕಳೆದುಕೊಂಡಿತು. ಎ.ಸಿ.ಯ ತಂಪು ಹೊರಹೋಗದಿರಲೆಂದು ಗಾಳಿಗಂಡಿ ಮುಚ್ಚಿ ಫಾಲ್ಸ್ ಸೀಲಿಂಗ್ ಹಾಕಿದೆವು. ಗೋಡೆಯ ಹಳೆಯ ಗಾರೆ ಉದುರುತ್ತದೆಂದು ಕೆರೆದು ಸಿಮೆಂಟ್ ಸಾರಣೆ ಮಾಡಿಸಿದೆವು. ಆ ಸಾರಣೆಯ ಬಿಲ್ಲಿಗೆ ಸಹಿ ಹಾಕಿದವ ನಾನು. ಆಗ ಅದು ಕಟ್ಟಡವನ್ನು ಗಟ್ಟಿ ಮಾಡುವ ಕೆಲಸವೆಂದೇ ನಂಬಿದ್ದೆ.

ಕೆಡವಬೇಕೆಂದವರ ಲೆಕ್ಕ

ಬ್ಯಾಂಕು ಬಿಟ್ಟು ಹೋದಾಗ ಕಂಪ್ಯೂಟರು, ಲಾಕರು, ದಾಖಲೆಗಳನ್ನು ಕೊಂಡೊಯ್ಯಿತು. ಕೌಂಟರ್ ಉಳಿಯಿತು. ತಿಜೋರಿಯ ಉಕ್ಕಿನ ಬಾಗಿಲೂ ಉಳಿಯಿತು, ಅದನ್ನು ಕೀಳಬೇಕಾದರೆ ಗೋಡೆಯನ್ನೇ ಒಡೆಯಬೇಕಿತ್ತು.

ವಾರಸುದಾರರಲ್ಲಿ ಊರಿನಲ್ಲಿ ಇದ್ದವರು ಮೂವರು. ಉಳಿದವರು ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ. ಅವರಲ್ಲಿ ಹಿರಿಯರನ್ನು ಇಲ್ಲಿ ದೊಡ್ಡಣ್ಣ ಎನ್ನುತ್ತೇನೆ. ಕೆಡವಿ ಮೂರು ಮಾಳಿಗೆಯ ಕಾಂಪ್ಲೆಕ್ಸ್ ಕಟ್ಟಿಸುವುದೆಂದು ಹೆಚ್ಚಿನವರು ಆಗಲೇ ಮನಸ್ಸು ಮಾಡಿದ್ದರು. ನಾನು ಮತ್ತು ಇನ್ನಿಬ್ಬರು ದೊಡ್ಡಣ್ಣನವರನ್ನು ನೋಡಲು ಹೋಗಿ, ಹಳೆಯ ಕಟ್ಟಡ, ಊರಿನ ನೆನಪು ಎಂದೆಲ್ಲ ಹೇಳಿದೆವು. ಅವರು ಸಮಾಧಾನದಿಂದ ಕೇಳಿಸಿಕೊಂಡು, "ನೆನಪು ನಮಗೂ ಉಂಟು ಮಾರಾಯ್ರೆ. ನನ್ನ ಅಜ್ಜಿ ಸತ್ತದ್ದು ಆ ಮೇಲಿನ ಕೋಣೆಯಲ್ಲಿ. ಆದರೆ ಹನ್ನೊಂದು ಪಾಲಿಗೆ ನೆನಪನ್ನು ಹಂಚುವುದು ಹೇಗೆ ಹೇಳಿ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅಂದೇ ನಿಶ್ಚಯಿಸಿದೆವು, ಇನ್ನು ಲೆಕ್ಕ ಹಿಡಿದುಕೊಂಡೇ ಬರುವುದು ಎಂದು.

ಮೊದಲ ತಿರುವು ಬಂದದ್ದು ಈ ಲೆಕ್ಕದಿಂದ. ಪರಿಚಯದ ಇಂಜಿನಿಯರರೊಬ್ಬರ ಹತ್ತಿರ ಜಾಗ ಅಳೆಯಿಸಿದೆವು. ಹಳೆಯ ಕಟ್ಟಡ ನಿಂತಿರುವುದು ಬೀದಿಯ ಅಂಚಿಗೇ, ಎರಡು ಬದಿಯಲ್ಲಿ ನೆರೆಯವರ ಗೋಡೆಗೆ ಅಂಟಿಕೊಂಡು. ಕೆಡವಿ ಹೊಸತು ಕಟ್ಟುವುದಾದರೆ ಈಗಿನ ನಿಯಮದಂತೆ ಎದುರಿಗೆ, ಬದಿಗೆ, ಹಿಂದೆ ಜಾಗ ಬಿಡಬೇಕು, ವಾಹನ ನಿಲ್ಲಿಸಲೂ ಜಾಗ ತೋರಿಸಬೇಕು. ಇದನ್ನೆಲ್ಲ ಕಳೆದರೆ ಕೆಳಗಿನ ಅಂತಸ್ತಿಗೆ ಉಳಿಯುವುದು ಈಗಿರುವುದರ ಅರ್ಧಕ್ಕಿಂತ ತುಸು ಹೆಚ್ಚು. ಪೇಟೆಯಲ್ಲಿ ಬಾಡಿಗೆ ಹುಟ್ಟುವುದು ಕೆಳಗಿನ ಅಂತಸ್ತಿಗೆ. ಮೇಲಿನ ಮಾಳಿಗೆಗಳು ಖಾಲಿ ಬಿದ್ದಿರುವುದನ್ನು ಅದೇ ಬೀದಿಯ ಎರಡು ಕಾಂಪ್ಲೆಕ್ಸುಗಳಲ್ಲಿ ಎಲ್ಲರೂ ಕಾಣುತ್ತಿದ್ದರು. ಇಂಜಿನಿಯರರ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ದೊಡ್ಡಣ್ಣ ಅದನ್ನು ಬಹಳ ಹೊತ್ತು ನೋಡಿದರು. "ಹಾಗಾದರೆ ಐದು ವರ್ಷ ನೋಡುವ" ಎಂದರು.

ಹಳೆಯ ಕಟ್ಟಡ ಉಳಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಈ ನಕ್ಷೆಯ ವಿಷಯವನ್ನೇ. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇಲ್ಲದ ಕಟ್ಟಡವನ್ನು ಕಾಯುವ ಕಾನೂನು ಸಣ್ಣ ಪೇಟೆಯಲ್ಲಿ ಇಲ್ಲವೆಂದೇ ಹೇಳಬೇಕು. ಅದನ್ನು ಉಳಿಸಬಲ್ಲವರು ಅದರ ಒಡೆಯರು ಮಾತ್ರ. ಅವರ ಎದುರು ಇಡಬೇಕಾದ್ದು ಅಳತೆ.

ಮೊದಲ ಬಾಡಿಗೆ

ಐದು ವರ್ಷ ಎಂದರೂ ಕಟ್ಟಡ ಕೂಡಲೇ ನಮ್ಮ ಕೈಗೆ ಬರಲಿಲ್ಲ. ಕುಟುಂಬದವರು ಮೊದಲು ಅದನ್ನು ಟ್ಯೂಶನ್ ಕ್ಲಾಸಿನವರಿಗೆ ಹನ್ನೊಂದು ತಿಂಗಳ ಕರಾರಿನಲ್ಲಿ ಕೊಟ್ಟರು. ಅವರು ಹಜಾರವನ್ನು ಪ್ಲೈವುಡ್ಡಿನಿಂದ ನಾಲ್ಕು ಭಾಗ ಮಾಡಿದರು. ಮಳೆಗಾಲದಲ್ಲಿ ಗೋಡೆ ಬೆವರಿತು, ಪ್ಲೈವುಡ್ ಉಬ್ಬಿತು, ಮಕ್ಕಳಿಗೆ ಕೆಮ್ಮು ಬಿಡಲಿಲ್ಲ. ಅವಧಿ ಮುಗಿಯುವ ಮೊದಲೇ ಖಾಲಿ ಮಾಡಿದರು. "ಹಳೇ ಕಟ್ಟಡ, ಥಂಡಿ" ಎಂದು ಊರಿನಲ್ಲಿ ಮಾತು ಹಬ್ಬಿತು. ಹಳೆಯದಾದ್ದಕ್ಕೆ ಥಂಡಿ ಎಂದೇ ನಾವೂ ತಿಳಿದೆವು. ಯಾಕೆ ಎಂದು ಆಗ ಯಾರೂ ಕೇಳಲಿಲ್ಲ.

ಅದೇ ಹೊತ್ತಿಗೆ ಊರಿನ ಯುವಕ ಮಂಡಲದ ಪುಸ್ತಕ ಭಂಡಾರಕ್ಕೆ ಜಾಗದ ಕಷ್ಟ ಬಂತು. ಹಳಬರು ಕೂಡಿಸಿದ ಆರು ಸಾವಿರದಷ್ಟು ಪುಸ್ತಕಗಳು ಶಾಲೆಯೊಂದರ ಕೋಣೆಯಲ್ಲಿ ಇದ್ದವು, ಶಾಲೆಗೆ ಆ ಕೋಣೆ ಬೇಕಾಯಿತು. ಸರಕಾರಿ ಗ್ರಂಥಾಲಯಗಳಿಗೆ 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದ ಆಸರೆ ಉಂಟು. ಖಾಸಗಿ ವಾಚನಾಲಯಕ್ಕೆ ಊರವರೇ ಆಸರೆ. ಒಂದು ಸಮಿತಿ ಮಾಡಿ ಸಂಘ ನೋಂದಾಯಿಸಿ, ಕುಟುಂಬದವರೆದುರು ಮತ್ತೆ ಕುಳಿತೆವು.

ಕರಾರಿನ ಮಾತಿಗೆ ನಾಲ್ಕು ತಿಂಗಳು ಹಿಡಿಯಿತು. ಹನ್ನೊಂದು ತಿಂಗಳದ್ದಾದರೆ ನೋಂದಣಿ ಬೇಡ, ಸುಲಭ ಎಂದು ಅವರು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಹನ್ನೊಂದು ಮಂದಿಯ ಸಹಿ ಬೇಕು. ಕೊಲ್ಲಿಯಲ್ಲಿದ್ದವರು ಭಾರತದ ದೂತಾವಾಸಕ್ಕೆ ಹೋಗಿ ಮುಖ್ತಾರ್‌ನಾಮೆ ಮಾಡಿಸಿ ಕಳಿಸಬೇಕು. ಅಷ್ಟೆಲ್ಲ ಯಾಕೆ, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂದು ಒಬ್ಬರು ಬೇಸರಿಸಿದರು. ಈ ಒಂದು ವಿಷಯದಲ್ಲಿ ನಾವು ಬಗ್ಗಲಿಲ್ಲ. ಊರವರ ದುಡ್ಡು ಹಾಕಿ ರಿಪೇರಿ ಮಾಡುವಾಗ ಹನ್ನೊಂದು ತಿಂಗಳ ಕಾಗದದ ಮೇಲೆ ಮಾಡಬಾರದು. ಕೊನೆಗೆ ಐದು ವರ್ಷಕ್ಕೆ ನೋಂದಾಯಿತ ಪತ್ರವಾಯಿತು. ಮೊದಲ ಮೂರು ವರ್ಷ ನಾಮಮಾತ್ರ ಬಾಡಿಗೆ, ರಿಪೇರಿ ಸಮಿತಿಯದ್ದು, ಕೌಂಟರನ್ನೂ ಬಾಗಿಲುಗಳನ್ನೂ ಮಾರಬಾರದು.

ಭಾರದ ಲೆಕ್ಕ ಸರಿ, ನೀರಿನ ಲೆಕ್ಕ ತಪ್ಪು

ಪುಸ್ತಕ ಎಲ್ಲಿಡುವುದು? ಎಲ್ಲರ ಬೆರಳು ಮೊದಲು ತೋರಿಸಿದ್ದು ಮೇಲಿನ ಮಹಡಿಯನ್ನು. ಬೆಳಕು, ಗಾಳಿ, ಹೊಳೆಯ ನೋಟ. ಇಂಜಿನಿಯರರು ಬೇಡ ಎಂದರು. ಮನೆಯ ಮಹಡಿಗೆ ಚದರ ಮೀಟರಿಗೆ 200 ಕಿಲೋ ಭಾರ ಲೆಕ್ಕ ಹಿಡಿದರೆ, ಪುಸ್ತಕದ ಕಪಾಟು ಸಾಲಾಗಿ ನಿಲ್ಲುವ ಕೋಣೆಗೆ ಅದರ ಮೂರು ಪಟ್ಟು, 600 ಕಿಲೋದಷ್ಟು ಹಿಡಿಯಬೇಕಾಗುತ್ತದೆ. ಸಂಸಾರ ಹೊರಲೆಂದು ಹಾಕಿದ ಮರದ ತೊಲೆಗಳು ಅದನ್ನು ತಾಳುವುದಿಲ್ಲ. ಪುಸ್ತಕ ಕೆಳಗೇ ಇರಬೇಕು ಎಂದಾಯಿತು.

ಕೆಳಗೆ ಎಂದಾಗ ತಿಜೋರಿ ಕೋಣೆಯ ಹೆಸರು ತಾನಾಗಿ ಬಂತು. ಕಾಂಕ್ರೀಟ್ ನೆಲ, ಎಷ್ಟು ಭಾರವಾದರೂ ಹೊರುತ್ತದೆ. ಗೆದ್ದಲು ಬಾರದು, ಇಲಿ ನುಗ್ಗದು. ಬೆಂಕಿಯ ಹೆದರಿಕೆ ಇಲ್ಲ. ಸಭೆಯಲ್ಲಿ ಹಿರಿಯರೊಬ್ಬರು, "ಊರಿನವರ ಚಿನ್ನ ಇಟ್ಟ ಜಾಗ. ಅದಕ್ಕಿಂತ ಭದ್ರ ಬೇರೆ ಎಲ್ಲುಂಟು?" ಎಂದರು. ನಾನು ವರ್ಷಗಟ್ಟಲೆ ಆ ಬಾಗಿಲಿನ ಎರಡು ಕೀಲಿಗಳಲ್ಲಿ ಒಂದನ್ನು ಸೊಂಟದಲ್ಲಿ ಇಟ್ಟುಕೊಂಡವ. ನನಗೂ ಅದು ಸರಿ ಕಂಡಿತು. ಫೆಬ್ರವರಿಯಲ್ಲಿ ಉಕ್ಕಿನ ಕಪಾಟು ತಂದು ಅಪರೂಪದ ಪುಸ್ತಕಗಳನ್ನು, ಹಳೆಯ ಪತ್ರಿಕೆಗಳ ಕಟ್ಟುಗಳನ್ನು, ಒಂದು ಮನೆಯವರು ನಂಬಿ ಕೊಟ್ಟ ಯಕ್ಷಗಾನ ಪ್ರಸಂಗದ ಕೈಬರಹದ ಪ್ರತಿಗಳನ್ನು ಅಲ್ಲಿ ಜೋಡಿಸಿದೆವು. ಉಳಿದ ಪುಸ್ತಕಗಳು ತಾತ್ಕಾಲಿಕವಾಗಿ ಹಜಾರದಲ್ಲಿ ಉಳಿದವು.

ಜೂನ್ ಕಳೆಯಿತು. ಜುಲೈ ನಡುವಿನಲ್ಲಿ ಒಂದು ದಿನ ಪ್ರಸಂಗದ ಪ್ರತಿಯೊಂದನ್ನು ನೋಡಬೇಕೆಂದು ಭಾಗವತರೊಬ್ಬರು ಬಂದರು. ಕಪಾಟಿನಿಂದ ಕಟ್ಟು ತೆಗೆದಾಗ ಮೇಲಿನ ಹೊದಿಕೆ ಕೈಗೆ ಜಾರುವ ಹಾಗೆ ಒದ್ದೆ. ಬಿಚ್ಚಿದರೆ ಹಾಳೆಯ ಅಂಚಿನುದ್ದಕ್ಕೂ ಬೂದುಹಸಿರು ಬೂಷ್ಟು. ಭಾಗವತರು ಏನೂ ಅನ್ನಲಿಲ್ಲ, ತಮ್ಮ ಶಾಲನ್ನು ಮೇಜಿನ ಮೇಲೆ ಹಾಸಿ ಆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟರು. ನಾನು ಉಳಿದ ಕಟ್ಟುಗಳನ್ನು ಹೊರಗೆ ತರುತ್ತ ಹೋದೆ. ಒಳಗಿನ ಗೋಡೆಯ ಮೇಲೆ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ಮಾಡು ಸೋರಿದ್ದಲ್ಲ, ನೆಲದಿಂದ ಬಂದದ್ದೂ ಅಲ್ಲ.

ಕಾರಣ ಆಮೇಲೆ ಗೊತ್ತಾಯಿತು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಅದೇ. ದಪ್ಪ ಕಾಂಕ್ರೀಟಿಗೆ ಬಿಸಿಲು ತಾಗುವುದಿಲ್ಲ, ಅದು ಯಾವಾಗಲೂ ತಂಪು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಮಳೆಗಾಲದ ಬೆಚ್ಚನೆಯ ಒದ್ದೆಗಾಳಿ ಬಾಗಿಲು ತೆರೆದಾಗಲೆಲ್ಲ ಒಳನುಗ್ಗಿ ತಂಪು ಗೋಡೆಗೆ ತಾಗಿ ನೀರಾಗುತ್ತದೆ. ಬಾಗಿಲು ಮುಚ್ಚಿದರೆ ಆ ನೀರಿಗೆ ಹೊರದಾರಿ ಇಲ್ಲ. ಗಾಳಿಯಲ್ಲಿ ತೇವಾಂಶ ಶೇಕಡಾ 65–70 ದಾಟಿ ಅಲ್ಲೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಅಷ್ಟು ಸಾಕು. ತೇವಾಂಶ ಅಳೆಯುವ ಸಣ್ಣ ಮೀಟರ್ ತರಿಸಿ ಒಳಗಿಟ್ಟೆವು, 90ರಿಂದ ಕೆಳಗೆ ಇಳಿಯಲೇ ಇಲ್ಲ. ಬ್ಯಾಂಕಿನ ಕಾಲದಲ್ಲಿ ಇದು ಯಾಕೆ ಕಾಣಲಿಲ್ಲ? ಚಿನ್ನಕ್ಕೆ ಬೂಷ್ಟು ಬರುವುದಿಲ್ಲ. ನೋಟು ಒಳಗೆ ಬಂದು ಹೊರಗೆ ಹೋಗುತ್ತಲೇ ಇರುತ್ತದೆ. ಹಳೆಯ ಲೆಡ್ಜರುಗಳಿಗೆ ಬೂಷ್ಟು ಬರುತ್ತಿತ್ತು ಎಂದು ನನಗೆ ಈಗ ನೆನಪಾಗುತ್ತದೆ. ಬಟ್ಟೆಯಲ್ಲಿ ಒರೆಸಿ ಮತ್ತೆ ಒಳಗೇ ಇಡುತ್ತಿದ್ದೆವು.

ಆ ಮೇಲೆ ಕೆಲವು ವಾರ ಆ ಕೋಣೆಯನ್ನು ಸರಿಪಡಿಸಲು ಹೊರಟೆವು. ಕರ್ಪೂರ, ಬೇವಿನ ಸೊಪ್ಪು ಹುಳಕ್ಕಾಯಿತು, ಬೂಷ್ಟಿಗೆ ಆಗಲಿಲ್ಲ. ಇದ್ದಿಲು, ಸಿಲಿಕಾ ಪೊಟ್ಟಣಗಳು ಎರಡು ದಿನಕ್ಕೆ ತುಂಬಿ ಸುಮ್ಮನಾದವು. ತೇವ ಹೀರುವ ಯಂತ್ರ ಎರವಲು ತಂದೆವು. ಯಂತ್ರ ಓಡುವಷ್ಟು ಹೊತ್ತು ಮೀಟರ್ ಇಳಿಯುತ್ತಿತ್ತು. ಗಾಳಿಮಳೆಗೆ ಕರೆಂಟ್ ಹೋದ ರಾತ್ರಿ ಮತ್ತೆ ಏರುತ್ತಿತ್ತು. ನಮ್ಮ ಪೇಟೆಯಲ್ಲಿ ಕರೆಂಟ್ ಹೋಗುವುದು ಯಂತ್ರ ಹೆಚ್ಚು ಬೇಕಾದ ರಾತ್ರಿಗಳಲ್ಲೇ. ಆಗಸ್ಟಿನ ಸಭೆಯಲ್ಲಿ ತೀರ್ಮಾನವಾಯಿತು: ಈ ಕೋಣೆಯಲ್ಲಿ ಕಾಗದ ಇಡುವುದಿಲ್ಲ. ಆ ತೀರ್ಮಾನಕ್ಕೆ ಬರಲು ಅಷ್ಟು ವಾರ ಬೇಕಾದದ್ದು ಆ ಕೋಣೆಯ ಹೆಸರಿನಿಂದಾಗಿ ಎಂದು ನನಗೆ ಖಚಿತವಾಗಿದೆ. ತಿಜೋರಿ ಎಂದ ಕೂಡಲೇ ನಮ್ಮ ಮನಸ್ಸು ಭದ್ರ ಎಂದು ಓದಿಕೊಂಡಿತ್ತು. ಕಳ್ಳನಿಂದ ಭದ್ರವೋ ನೀರಿನಿಂದ ಭದ್ರವೋ ಎಂದು ಬಿಡಿಸಿ ಕೇಳಲೇ ಇಲ್ಲ.

ಮೇಸ್ತ್ರಿ ಕೇಳಿದ ಪ್ರಶ್ನೆ

ಕೈಬರಹದ ಪ್ರತಿಗಳನ್ನು ಹಜಾರದ ಬೆಂಚುಗಳ ಮೇಲೆ ಫ್ಯಾನಿನಡಿ ಒಣಗಿಸುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತಾತ್ಕಾಲಿಕವೆಂದು ಅಲ್ಲೇ ಬಿಟ್ಟಿದ್ದ ಸಾಧಾರಣ ಪುಸ್ತಕಗಳು ತಿಜೋರಿಯೊಳಗಿನವಕ್ಕಿಂತ ಎಷ್ಟೋ ಚೆನ್ನಾಗಿದ್ದವು. ಗೋಡೆಗೆ ತಾಗಿಸಿದ್ದ ಕಪಾಟಿನವು ಮಾತ್ರ ಕೆಟ್ಟಿದ್ದವು.

ನೋಡಲು ಬಂದ ಮೇಸ್ತ್ರಿ ಎಪ್ಪತ್ತು ದಾಟಿದವರು, ಸುಣ್ಣದ ಕೆಲಸ ತಂದೆಯಿಂದ ಕಲಿತವರು. ಗೋಡೆಗೆ ಅಂಗೈ ಒತ್ತಿ ಹಿಡಿದು ನಿಂತರು. ಬೆರಳ ಗೆಣ್ಣಿನಿಂದ ಕುಟ್ಟಿದರು. ಸಿಮೆಂಟು ಟೊಳ್ಳು ಸದ್ದು ಮಾಡಿತು. "ಇದಕ್ಕೆ ರೇನ್‌ಕೋಟ್ ಹಾಕಿದ್ದು ಯಾರು?" ಎಂದು ಕೇಳಿದರು. ನಾನು ಎಂದೆ.

ಮುರಕಲ್ಲು ನೀರು ಹೀರುವ ಕಲ್ಲು. ಮಳೆಗಾಲದಲ್ಲಿ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ಹೋಗಿಬರುವಿಕೆಗೆ ಅಡ್ಡ ಬರುವುದಿಲ್ಲ. ಸಿಮೆಂಟ್ ಸಾರಣೆ ಅಡ್ಡ ಬರುತ್ತದೆ. ನೀರು ಒಳಗೇ ಉಳಿದು ಕಲ್ಲನ್ನು ಸಡಿಲ ಮಾಡಿ, ಸಿಮೆಂಟನ್ನು ಹಿಂದಿನಿಂದ ತಳ್ಳುತ್ತದೆ. ಟ್ಯೂಶನ್ನಿನ ಮಕ್ಕಳ ಕೆಮ್ಮಿಗೆ ಕಟ್ಟಡದ ವಯಸ್ಸಲ್ಲ, ನಾವು ಮಾಡಿಸಿದ ರಿಪೇರಿ ಕಾರಣ.

ಎರಡನೆಯ ದೊಡ್ಡ ತಿರುವು ಇದು. ಪೇಂಟ್ ಹೊಡೆಸಿ ಉದ್ಘಾಟನೆ ಮಾಡುವ ಎಂದು ಸಮಿತಿಯ ಅರ್ಧ ಜನ. ಸಿಮೆಂಟ್ ಕೆರೆದು ಸುಣ್ಣ ಹಾಕುವುದಕ್ಕೆ ಖರ್ಚು ಹೆಚ್ಚು, ದಿನವೂ ಹೆಚ್ಚು, ಅದೂ ಮಳೆ ಪೂರ್ತಿ ಬಿಟ್ಟ ಮೇಲೆ. ಇದ್ದ ದುಡ್ಡಿನಲ್ಲಿ ಎರಡೂ ಆಗುವುದಿಲ್ಲ. ನಾವು ಉದ್ಘಾಟನೆ ಒಂದು ವರ್ಷ ಮುಂದೆ ಹಾಕಿದೆವು. ದೇಣಿಗೆ ಕೊಟ್ಟವರಿಗೆ ಒಬ್ಬೊಬ್ಬರಿಗೂ ಪತ್ರ ಬರೆದು, ಪುಸ್ತಕ ಹಾಳಾದದ್ದನ್ನೂ ಮರೆಮಾಚದೆ ತಿಳಿಸಿದೆವು. ಇಬ್ಬರು ದುಡ್ಡು ವಾಪಸ್ ಕೇಳಿದರು, ಕೊಟ್ಟೆವು. ಪತ್ರ ಓದಿ ಮತ್ತಷ್ಟು ಕಳಿಸಿದವರು ಅವರಿಗಿಂತ ಹೆಚ್ಚು ಜನ.

ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿದೆವು. ಚಿಪ್ಪಿನ ಸುಣ್ಣವನ್ನು ತೊಟ್ಟಿಯಲ್ಲಿ ನೀರು ಹಾಕಿ ವಾರಗಟ್ಟಲೆ ನೆನೆಸಿಟ್ಟರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಮರಳಿನೊಡನೆ ಅರೆದರು. ಫಾಲ್ಸ್ ಸೀಲಿಂಗ್ ಇಳಿಸಿದಾಗ ಮೇಲಿನ ಮರದ ಗಾಳಿಗಂಡಿಗಳು ಹಾಗೆಯೇ ಇದ್ದವು, ಹಿಂದೆ ಗಮ್‌ಟೇಪ್ ಹಚ್ಚಿದ ಗುರುತು ಸಮೇತ. ಅವನ್ನು ತೆರೆದ ಸಂಜೆ ಹೊಳೆಯ ಕಡೆಯ ಗಾಳಿ ಹಜಾರವನ್ನು ಹಾಯ್ದು ಬೀದಿಗೆ ಹೋಗುವುದು ಮೈಗೆ ತಿಳಿಯುತ್ತಿತ್ತು. ಅಡಿಕೆ ಒಣಗಿರಲೆಂದು ಯಾರೋ ಲೆಕ್ಕ ಹಾಕಿ ಇಟ್ಟ ಗಂಡಿಗಳು. ಅಡಿಕೆಗೆ ಬೇಕಾದ್ದೇ ಪುಸ್ತಕಕ್ಕೂ ಬೇಕು. ಬ್ಯಾಂಕಾಗಿದ್ದ ಅವಧಿಯನ್ನು ದಾಟಿ ಅದರ ಹಿಂದಿನ ಮಂಡಿಯ ಕಾಲಕ್ಕೆ ಹೋದಾಗಲೇ ನಮಗೆ ಬೇಕಿದ್ದ ಉತ್ತರ ಸಿಕ್ಕಿತು.

ಕಪಾಟುಗಳೆಲ್ಲ ಈಗ ಹಜಾರದಲ್ಲಿವೆ, ಗೋಡೆಯಿಂದ ಒಂದು ಗೇಣು ಈಚೆ, ನೆಲದಿಂದ ಅರ್ಧ ಅಡಿ ಮೇಲೆ, ಗಾಳಿ ಹಾಯುವ ದಿಕ್ಕಿಗೆ ಉದ್ದುದ್ದ. ಮಳೆಗಾಲದಲ್ಲಿ ಹೊರಗಿನ ಗಾಳಿಯೂ ಒದ್ದೆಯೇ, ಮೀಟರ್ 80ರ ಮೇಲೆಯೇ ಇರುತ್ತದೆ. ಆದರೆ ಗಾಳಿ ನಿಲ್ಲುವುದಿಲ್ಲ, ಗೋಡೆ ಬೆವರುವುದಿಲ್ಲ. ವಾರಕ್ಕೊಮ್ಮೆ ಪ್ರತಿ ಸಾಲಿನ ಪುಸ್ತಕಗಳನ್ನು ಕೈಯಲ್ಲಿ ಮುಟ್ಟಿ ನೋಡುವವರು ಇದ್ದಾರೆ. ಎರಡು ಮಳೆಗಾಲದಲ್ಲಿ ಬೂಷ್ಟು ಕಂಡದ್ದು ಬೆರಳೆಣಿಕೆಯ ಪುಸ್ತಕಗಳಲ್ಲಿ. ಪ್ರಸಂಗದ ಪ್ರತಿಗಳನ್ನು ಫೋಟೋ ತೆಗೆಸಿ ಮೂಲವನ್ನು ಮನೆಯವರಿಗೆ ಒಪ್ಪಿಸಿದೆವು, ಕ್ಷಮೆಯನ್ನೂ ಕೇಳಿದೆವು. ಏಳು ಹಾಳೆಗಳ ಅಕ್ಷರ ಅಳಿಸಿಹೋಗಿತ್ತು. ಅದು ಮರಳಿ ಬರುವುದಿಲ್ಲ.

ಕೌಂಟರ್ ಮತ್ತು ಪಿಗ್ಮಿ ಕಾರ್ಡು

ತೇಗದ ಕೌಂಟರನ್ನು ಮುಟ್ಟಬಾರದು ಎಂದು ಹಳೆಯ ವಸ್ತುಗಳ ಮೇಲೆ ಪ್ರೀತಿ ಇರುವ ಗೆಳೆಯರು ಹಟ ಹಿಡಿದಿದ್ದರು. ನನ್ನ ಮನಸ್ಸೂ ಅತ್ತಲೇ ಇತ್ತು. ಕರಾರಿನಲ್ಲಿ ಮಾರಬಾರದು ಎಂದಿತ್ತೇ ಹೊರತು ಬದಲಿಸಬಾರದು ಎಂದಿರಲಿಲ್ಲ. ಒಂದು ಭಾನುವಾರ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ಹಿಂದಿರುಗಿಸಲು ಬಂದಳು. ಕೌಂಟರಿನಾಚೆ ಕುಳಿತಿದ್ದ ನನಗೆ ಕಂಡದ್ದು ಅಂಚಿಗೆ ಹತ್ತಿದ ನಾಲ್ಕು ಬೆರಳು, ಒಂದು ಪುಸ್ತಕದ ಮೂಲೆ. "ಮಾಮ, ಇಲ್ಲಿ" ಎಂಬ ಸ್ವರ ಕೆಳಗಿನಿಂದ ಬಂತು. ಆ ಕೌಂಟರಿನ ಎತ್ತರ ದುಡ್ಡನ್ನು ಜನರಿಂದ ದೂರ ಇಡಲು ಮಾಡಿದ್ದು. ಪುಸ್ತಕವನ್ನು ದೂರ ಇಡುವ ಅಗತ್ಯ ನಮಗಿಲ್ಲ. ಕುಟುಂಬದವರ ಒಪ್ಪಿಗೆ ಬರಹದಲ್ಲಿ ಪಡೆದು ಒಂದು ತುದಿಯ ಆರಡಿಯನ್ನು ಎರಡಡಿ ಎತ್ತರಕ್ಕೆ ಇಳಿಸಿದೆವು, ಪಕ್ಕದಲ್ಲಿ ಒಳಹೋಗಲು ದಾರಿ ಮಾಡಿದೆವು. ಉಳಿದ ಭಾಗ ಹಿತ್ತಾಳೆ ಜಾಲರಿ ಸಮೇತ ಹಾಗೆಯೇ ಉಂಟು. ತೆಗೆದ ಹಲಗೆಗಳು ಮಕ್ಕಳ ಬೆಂಚು ಆದವು.

ಅಟ್ಟ ಗುಡಿಸುವಾಗ ಎರಡು ಗೋಣಿಯಷ್ಟು ಹಳೆಯ ಕಾಗದ ಸಿಕ್ಕಿತು. ಬಳಸದ ಫಾರಮುಗಳು, ಹಿತ್ತಾಳೆ ಟೋಕನ್‌ಗಳು, ಅವುಗಳೊಂದಿಗೆ ಪಿಗ್ಮಿ ಕಾರ್ಡುಗಳು, ಚಿನ್ನದ ಸಾಲದ ಚೀಟಿಗಳು. ಪಿಗ್ಮಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದು. 1928ರಲ್ಲಿ ಸಿಂಡಿಕೇಟಿನವರು ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆ ಕೂಡಿಸಲು ಶುರುಮಾಡಿದರು, ಆಮೇಲೆ ಬೇರೆ ಬ್ಯಾಂಕುಗಳೂ ಹಿಡಿದವು. ಈ ಕಾರ್ಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಜನ ಮುಗಿಬಿದ್ದು ನೋಡುತ್ತಾರೆ ಎಂದು ಸಮಿತಿಯ ತರುಣರು. ನಾನು ಒಪ್ಪಲಿಲ್ಲ. ಯಾವ ಮನೆಯವರು ಯಾವ ವರ್ಷ ಕರಿಮಣಿ ಅಡವಿಟ್ಟರು ಎಂಬುದು ಊರಿನ ಇತಿಹಾಸವಲ್ಲ, ಆ ಮನೆಯವರ ಗುಟ್ಟು. ಮೊಮ್ಮಕ್ಕಳು ಇದೇ ಬೀದಿಯಲ್ಲಿ ಓಡಾಡುತ್ತಾರೆ. ಗಿರಾಕಿಯ ವಿಷಯ ಹೊರಗೆ ಬಿಡಬಾರದೆಂಬುದು ಬ್ಯಾಂಕಿನವರಿಗೆ ಮೊದಲ ದಿನ ಕಲಿಸುವ ಪಾಠ, ನಿವೃತ್ತಿಯಾದರೆ ಅದು ಮುಗಿಯುವುದಿಲ್ಲ. ಹೆಸರಿದ್ದದ್ದನ್ನೆಲ್ಲ ಪಟ್ಟಿ ಮಾಡಿ, ಮೊಹರು ಹಾಕಿ ಬ್ಯಾಂಕಿಗೆ ಒಪ್ಪಿಸಿ ರಸೀದಿ ಪಡೆದೆವು. ಖಾಲಿ ಫಾರಮು, ಟೋಕನ್ ಇಟ್ಟುಕೊಂಡೆವು. ಇಂಥ ಕಟ್ಟಡ ವಹಿಸಿಕೊಳ್ಳುವವರು ಅಟ್ಟ ಗುಡಿಸುವ ಮೊದಲೇ ಈ ವಿಷಯ ಮಾತಾಡಿಕೊಳ್ಳಬೇಕು. ಕಾಗದ ಕೈಗೆ ಸಿಕ್ಕಿದ ಮೇಲೆ ಆಸೆ ಬಲವಾಗುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿ ಈಗ ಒಂದೇ ಒಂದು ಪಿಗ್ಮಿ ಕಾರ್ಡು ಉಂಟು. ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದ ಅಜ್ಜಿಯೊಬ್ಬರು ತಾವಾಗಿ ತಂದು ಕೊಟ್ಟದ್ದು. ಹೆಸರು ಮುಚ್ಚಿ ಇಡುತ್ತೇವೆ ಎಂದರೆ, "ಯಾಕೆ ಮುಚ್ಚುವುದು? ನಾನೇ ಕಟ್ಟಿದ ದುಡ್ಡಲ್ವಾ" ಎಂದರು. ಹಾಗೆಯೇ ಇಟ್ಟಿದ್ದೇವೆ.

ಈಗ ಹೇಗಿದೆ

ತಿಜೋರಿ ಕೋಣೆಯ ಮಾತು ಬಾಕಿ ಉಳಿಯಿತು. ಮೊದಲು ಮಾಡಿದ್ದು ಬಾಗಿಲಿನ ಅಗುಳಿಗಳನ್ನು ತೆಗೆಸಿದ್ದು. ಆ ಬಾಗಿಲು ಮುಚ್ಚಿಕೊಂಡರೆ ಒಳಗಿದ್ದವರ ಕೂಗು ಹೊರಗೆ ಕೇಳಿಸುವುದಿಲ್ಲ, ಮಕ್ಕಳು ಓಡಾಡುವ ಜಾಗದಲ್ಲಿ ಅದು ಒಂದು ದಿನವೂ ಹಾಗಿರಬಾರದು. ಬಾಗಿಲನ್ನು ಪೂರ್ತಿ ತೆರೆದು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಸಿದ್ದೇವೆ. ಹಳೆಯ ಗಾಳಿಕೊಳವೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇವೆ. ಮಳೆಗಾಲದ ನಾಲ್ಕು ತಿಂಗಳು ಕೋಣೆ ಖಾಲಿ. ಅಕ್ಟೋಬರ್ ನಂತರ ಅಲ್ಲಿ ಚಾಪೆ ಹಾಸುತ್ತೇವೆ. ಏಪ್ರಿಲ್, ಮೇ ಸೆಕೆಯಲ್ಲಿ ಕಟ್ಟಡದಲ್ಲೇ ತಂಪಾದ ಕೋಣೆ ಅದು. ರಜೆಯಲ್ಲಿ ಮಕ್ಕಳು ಊಟ ಮುಗಿಸಿ ಬಂದರೆ ಸಂಜೆಯ ಚಹಾದವರೆಗೆ ಅಲ್ಲೇ, ಚೆಸ್ಸು, ಕೇರಂ, ಕಥೆ. ಪುಸ್ತಕಕ್ಕೆ ಆಗದ ತಂಪು ಮಕ್ಕಳಿಗೆ ಆಯಿತು. ಮೇಲಿನ ಮಹಡಿ ಓದುವವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಹೆಚ್ಚು. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಪತ್ರಿಕೆಗಳು ಜಗಲಿಯಲ್ಲಿ.

ಕರಾರಿನ ನಾಲ್ಕನೇ ವರ್ಷ ನಡೆಯುತ್ತಿದೆ. ಬಾಡಿಗೆ ಈಗ ಏರಿದೆ, ಮೇಲಿನ ಒಂದು ಕೋಣೆಯನ್ನು ಸ್ವಸಹಾಯ ಸಂಘದವರ ಸಭೆಗೆ ಕೊಟ್ಟು ಅದರಲ್ಲಿ ಒಂದು ಪಾಲು ತುಂಬಿಸುತ್ತೇವೆ. ಉಳಿದದ್ದಕ್ಕೆ ಪ್ರತಿ ವರ್ಷ ಕೈಚಾಚಬೇಕು. ವಾರಸುದಾರರಲ್ಲಿ ಇಬ್ಬರು ಈಗಲೂ ಮಾರುವ ಪರ. ದೊಡ್ಡಣ್ಣ ತಿಂಗಳಿಗೊಮ್ಮೆ ಬಂದು ಜಗಲಿಯಲ್ಲಿ ಪತ್ರಿಕೆ ಓದುತ್ತಾರೆ. ಮುಂದಿನ ಕರಾರಿನ ಮಾತು ಎತ್ತಿದರೆ ಪುಟ ತಿರುಗಿಸುತ್ತಾರೆ, ಬೇಡ ಎಂದಿಲ್ಲ, ಆಯಿತು ಎಂದೂ ಹೇಳಿಲ್ಲ. ಹಿಂಬದಿಯ ಬಡಗಣ ಗೋಡೆಯ ಸಿಮೆಂಟ್ ಇನ್ನೂ ಕೆರೆದಿಲ್ಲ. ಮೇಸ್ತ್ರಿಗೆ ಮಂಡಿನೋವು, ಏಣಿ ಹತ್ತುವ ಹಾಗಿಲ್ಲ. ಕೆಳಗೆ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತೇನೆ, ಕಲಿಯುವ ಹುಡುಗರು ಇಬ್ಬರನ್ನು ಹುಡುಕಿಡಿ ಎಂದಿದ್ದಾರೆ. ಒಬ್ಬ ಸಿಕ್ಕಿದ್ದಾನೆ. ಸುಣ್ಣ ನೆನೆಹಾಕಿ ಆಗಿದೆ.